ತೆಗೆಸಿದ ಜಾಗದಲ್ಲೇ ಮತ್ತೆ ಗಂಟು: ಸ್ತನವನ್ನೇ ತೆಗೆಸಬೇಕೇ?

ಪ್ರಶ್ನೆ: ನನಗೆ 43 ವರ್ಷ. ಎರಡು ವರ್ಷದ ಹಿಂದೆ ಎಡ ಸ್ತನದ ಗಂಟನ್ನು ಮಾಮೂಲಿ ಫೈಬ್ರೊಅಡಿನೋಮಾ (ಕ್ಯಾನ್ಸರ್ ಅಲ್ಲದ ಗಂಟು) ಎಂದು ಆಪರೇಷನ್ ಮಾಡಿ ತೆಗೆದರು. ಆಮೇಲೆ ಬಂದ ರಿಪೋರ್ಟ್‌ನಲ್ಲಿ ‘ಬಿನೈನ್ ಫಿಲೋಡಿಸ್ ಟ್ಯೂಮರ್’ ಎಂದಿತ್ತು. ಕ್ಯಾನ್ಸರ್ ಅಲ್ಲ ಎಂದು ಕಳಿಸಿದರು. ಈಗ ಹೊಲಿಗೆಯ ಪಕ್ಕದಲ್ಲೇ ಗಂಟು ಕೈಗೆ ಸಿಗುತ್ತಿದೆ, ಮೂರು ತಿಂಗಳಲ್ಲಿ ದೊಡ್ಡದಾಗಿದೆ. ಸ್ತನವನ್ನೇ ತೆಗೆಸಿ ಎನ್ನುತ್ತಾರೆ. ಕ್ಯಾನ್ಸರ್‌ಗೆ ತಿರುಗಿದೆಯೇ? ಭಾರ ಎತ್ತಿದ್ದರಿಂದ ಬಂತೇ?
– ಹೆಸರು ಬೇಡ, ಸಾಗರ

ಉತ್ತರ: ಭಾರ ಎತ್ತಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಅದನ್ನು ಮನಸ್ಸಿನಿಂದ ತೆಗೆದುಹಾಕಿ.

ಸ್ತನದ ಗಡ್ಡೆಗಳಲ್ಲಿ ಫಿಲೋಡಿಸ್ ಶೇ. 1ಕ್ಕಿಂತ ಕಡಿಮೆ. ಸ್ಕ್ಯಾನಿಂಗ್‌ನಲ್ಲಿ ಫೈಬ್ರೊಅಡಿನೋಮಾದಂತೆಯೇ ಕಾಣುತ್ತದೆ, ಸೂಜಿ ಬಯಾಪ್ಸಿಯಲ್ಲೂ ಗುರುತು ಸಿಗದೆ ಹೋಗಬಹುದು. ನಿಮ್ಮಲ್ಲೂ ಹಾಗೇ ಆದಂತಿದೆ. ಫೈಬ್ರೊಅಡಿನೋಮಾವನ್ನು ಹಲಸಿನ ತೊಳೆಯಿಂದ ಬೀಜ ಬಿಡಿಸಿದ ಹಾಗೆ ಬಿಡಿಸಿ ತೆಗೆದರೆ ಸಾಕು. ಫಿಲೋಡಿಸ್‌ನ ಅಂಚು ಕೆಲವೊಮ್ಮೆ ಬೆರಳು ಚಾಚಿದಂತೆ ಸುತ್ತಲಿನ ಭಾಗಕ್ಕೆ ಹೊಕ್ಕಿರುತ್ತದೆ. ಅಲ್ಲಿ ಚೂರು ಉಳಿದರೆ ಅದೇ ಜಾಗದಲ್ಲಿ ಮತ್ತೆ ಬೆಳೆಯುತ್ತದೆ. ಬಿನೈನ್ ಆಗಿದ್ದಾಗಲೂ 100ರಲ್ಲಿ ಸುಮಾರು 8–10 ಮಂದಿಗೆ ಹೀಗಾಗುತ್ತದೆ, ಹೆಚ್ಚಾಗಿ ಮೊದಲ ಎರಡು ಮೂರು ವರ್ಷಗಳಲ್ಲಿ. ಹಾಗಾಗಿ ಗಂಟು ಮರಳಿದ ಮಾತ್ರಕ್ಕೆ ಕ್ಯಾನ್ಸರ್ ಎಂದಲ್ಲ. ಬಿನೈನ್ ಆಗಿದ್ದದ್ದು ಮರಳುವಾಗಲೂ ಸಾಮಾನ್ಯವಾಗಿ ಬಿನೈನ್ ಆಗಿಯೇ ಇರುತ್ತದೆ. ಆದರೆ ಕೆಲವರಲ್ಲಿ ಬಾರ್ಡರ್‌ಲೈನ್ ಅಥವಾ ಮ್ಯಾಲಿಗ್ನೆಂಟ್ ಹಂತಕ್ಕೆ, ಅಂದರೆ ಕ್ಯಾನ್ಸರ್‌ನ ಅಂಚಿಗೆ ಅಥವಾ ಕ್ಯಾನ್ಸರ್‌ಗೇ, ಏರಿರುತ್ತದೆ. ಅದಕ್ಕಾಗಿಯೇ ಕೋರ್ ಬಯಾಪ್ಸಿ (ದಪ್ಪ ಸೂಜಿಯಿಂದ ಗಂಟಿನ ತುಣುಕು ತೆಗೆದು ಪರೀಕ್ಷಿಸುವುದು) ಈಗ ಆಗಲೇಬೇಕು. ಬರೀ ಹಳೆಯ ಗಾಯದ ಗಟ್ಟಿಯೂ ಇರಬಹುದು, ಅದೂ ಅದರಲ್ಲೇ ತಿಳಿಯುತ್ತದೆ.

ಅದರ ಜೊತೆಗೆ ಇನ್ನೊಂದು ಕೆಲಸ ಮಾಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಯಾರೂ ತಾವಾಗಿ ನೆನಪಿಸುವುದಿಲ್ಲ. ಮೊದಲು ಆಪರೇಷನ್ ಆದ ಆಸ್ಪತ್ರೆಯ ಪೆಥಾಲಜಿ ವಿಭಾಗಕ್ಕೆ ಹೋಗಿ ಹಳೆಯ ಸ್ಲೈಡ್‌ಗಳನ್ನೂ ಮೇಣದ ಬ್ಲಾಕ್‌ಗಳನ್ನೂ ಕೇಳಿ ಪಡೆಯಿರಿ. ಬ್ಲಾಕ್ ಎಂದರೆ ತೆಗೆದ ಗಂಟಿನ ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟ ಸಣ್ಣ ಬಿಲ್ಲೆ, ಮೇಲೆ ನಿಮ್ಮ ಬಯಾಪ್ಸಿ ನಂಬರ್ ಇರುತ್ತದೆ. ಅದನ್ನು ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮತ್ತೊಮ್ಮೆ ನೋಡಿಸಿ. ಆಗ ಅದು ನಿಜಕ್ಕೂ ಬಿನೈನ್ ಆಗಿತ್ತೇ, ಅಂಚಿನಲ್ಲಿ ಗಡ್ಡೆ ಉಳಿದಿತ್ತೇ ಎಂಬ ಎರಡು ಪ್ರಶ್ನೆಗೆ ಉತ್ತರ ಸಿಗುತ್ತದೆ. ಇದು ಗೊತ್ತಿಲ್ಲದೆ ಎರಡನೇ ಆಪರೇಷನ್‌ಗೆ ಒಪ್ಪುವುದು ಸರಿಯಲ್ಲ.

ಸ್ತನ ಪೂರ್ತಿ ತೆಗೆಯಲೇಬೇಕೆಂದಿಲ್ಲ. ಮರಳಿ ಬಂದ ಗಂಟನ್ನು ಸುತ್ತ ಸುಮಾರು 1 ಸೆಂ.ಮೀ. ಒಳ್ಳೆಯ ಭಾಗದೊಂದಿಗೆ ತೆಗೆಯುವುದು ರೂಢಿ. ಗಂಟು ತೀರಾ ದೊಡ್ಡದಿದ್ದು ಸ್ತನ ಉಳಿಸಲಾಗದಿದ್ದರೆ ಮಾತ್ರ ಪೂರ್ತಿ ತೆಗೆಯುವ ಮಾತು. ಕಂಕುಳಿನ ದುಗ್ಧ ಗ್ರಂಥಿಗಳನ್ನು (ಲಿಂಫ್ ನೋಡ್) ತೆಗೆಯುವ ಅಗತ್ಯ ಸಾಮಾನ್ಯವಾಗಿ ಇಲ್ಲ: ಮ್ಯಾಲಿಗ್ನೆಂಟ್ ಆದರೂ ಇದು ಸಾಮಾನ್ಯವಾಗಿ ಆ ಗ್ರಂಥಿಗಳ ಮೂಲಕವಲ್ಲ, ರಕ್ತದ ಮೂಲಕ, ಹೆಚ್ಚಾಗಿ ಶ್ವಾಸಕೋಶಕ್ಕೆ ಹರಡುತ್ತದೆ. ಬಾರ್ಡರ್‌ಲೈನ್ ಅಥವಾ ಮ್ಯಾಲಿಗ್ನೆಂಟ್ ಎಂದು ಬಂದರೆ ರೇಡಿಯೇಷನ್ ಬೇಕೇ ಎಂದು ಕೇಳಿ, ಎದೆಯ ಸಿ.ಟಿ. ಸ್ಕ್ಯಾನ್‌ನ ವಿಷಯವನ್ನೂ ಕೇಳಿ. ಸ್ತನ ಕ್ಯಾನ್ಸರ್‌ನ ಹಾರ್ಮೋನ್ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ.

ಆಪರೇಷನ್ ಆದ ಮೇಲೆ ಮೊದಲ ಎರಡು ಮೂರು ವರ್ಷ ಆರು ತಿಂಗಳಿಗೊಮ್ಮೆ ತೋರಿಸಿಕೊಳ್ಳಿ. ಬ್ಲಾಕ್ ಕೊಡಲು ಅವರು ತಡಮಾಡಿದರೆ ಅದಕ್ಕಾಗಿ ಕಾಯಬೇಡಿ, ಬಯಾಪ್ಸಿಯನ್ನು ಈ ವಾರವೇ ಮಾಡಿಸಿ. ಮೂರು ತಿಂಗಳಲ್ಲಿ ಇಷ್ಟು ಬೆಳೆದ ಗಂಟಿಗೆ ಇನ್ನಷ್ಟು ಸಮಯ ಕೊಡುವುದು ಬೇಡ.