ಕಿತ್ತಳೆ ಜಾಕೆಟ್ ಕಂಡರೆ ಜಿಂಕೆ ಓಡಲ್ವಾ?

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ಮಗ ಆಫೀಸಿನವರ ಜೊತೆ ಜಿಂಕೆ ಬೇಟೆಗೆ ಹೊರಟಿದ್ದಾನೆ. ಕಣ್ಣು ಕುಕ್ಕುವ ಕಿತ್ತಳೆ ಜಾಕೆಟ್ ಹಾಕಬೇಕಂತೆ. ಜಿಂಕೆ ಓಡಿಹೋಗಲ್ವಾ?

ಉತ್ತರ: ಬಣ್ಣ ನೋಡಿ ಓಡಲ್ಲ. ಜಿಂಕೆಗೆ ಕಿತ್ತಳೆ ನಮಗೆ ಕಂಡ ಹಾಗೆ ಎದ್ದು ಕಾಣುವುದಿಲ್ಲ, ಆದರೆ ಪೊದೆಯ ಹಿಂದಿರುವುದು ಮನುಷ್ಯ ಅಂತ ಬೇರೆ ಬೇಟೆಗಾರನಿಗೆ ದೂರದಿಂದಲೇ ಗೊತ್ತಾಗುತ್ತದೆ. ಹಾಗಂತ ಜಾಕೆಟ್ ಒಂದನ್ನೇ ನಂಬಬೇಡಿ. 2006ರಲ್ಲಿ ಟೆಕ್ಸಾಸ್‌ನಲ್ಲಿ ಆಗಿನ ಉಪಾಧ್ಯಕ್ಷ ಡಿಕ್ ಚೇನಿ, ಹಾರುವ ಹಕ್ಕಿಯ ಹಿಂದೆ ಬಂದೂಕು ತಿರುಗಿಸುತ್ತಾ ಜೊತೆಗಿದ್ದ 78 ವರ್ಷದ ವಕೀಲರಿಗೇ ಹೊಡೆದರು. ಅವರೂ ಕಿತ್ತಳೆ ಹಾಕಿದ್ದರು! ಮುಖ, ಕತ್ತು, ಎದೆಗೆಲ್ಲ ಚರೆ ಬಡಿಯಿತು, ಪುಣ್ಯಕ್ಕೆ ಬದುಕಿದರು. ಗುರಿಯ ಹಿಂದೆ ಏನಿದೆ ಅಂತ ಖಚಿತವಾಗುವ ತನಕ ಟ್ರಿಗರ್ ಮೇಲೆ ಬೆರಳು ಇಡಬಾರದು. ಮಗ ಮೊದಲು ಬೇಟೆ ಸುರಕ್ಷತೆಯ ತರಬೇತಿ ಮುಗಿಸಲಿ, ಅಲ್ಲಿ ಎಷ್ಟೋ ರಾಜ್ಯಗಳಲ್ಲಿ ಹೊಸಬರಿಗೆ ಅದಿಲ್ಲದೆ ಲೈಸೆನ್ಸೇ ಸಿಗಲ್ಲ.