ಅರಿಷಿಣದ ಫೋಟೋ ಒಂದೊಂದು ಒಂದೊಂದ್ ಬಣ್ಣ ಯಾಕ?

ಪ್ರಶ್ನೆ: ಅಣ್ಣಾರ, ತಂಗಿ ಮದ್ವಿ ಅರಿಷಿಣದ ದಿನ ಹಂದರದಾಗ ಎಲ್ಲಾ ಫೋಟೋ ರಾ ಫೈಲ್‌ನ್ಯಾಗ ತಗದೇನಿ, ವೈಟ್ ಬ್ಯಾಲೆನ್ಸ್ ಆಟೋ ಇತ್ತು. ಒಂದ್ರಾಗ ಅಕಿ ಮುಖ ಬೂದಿ ಬಡದಂಗ ಕಾಣ್ತೈತಿ, ಅದರ ಮುಂದಿಂದ್ರಾಗ ಹಳದಿ. ರಾ ಇದ್ರ ವೈಟ್ ಬ್ಯಾಲೆನ್ಸ್ ಚಿಂತೀನ ಬ್ಯಾಡ ಅಂತಾರ ಗೆಳ್ಯಾರು, ಖರೇನ ಏನ್ರಿ?
– ಓದುಗರೊಬ್ಬರು, ಬ್ಯಾಡಗಿ

ಉತ್ತರ: ಮುಕ್ಕಾಲು ಪಾಲು ಖರೇ ಐತ್ರಿ. ರಾ ಫೈಲ್‌ನ್ಯಾಗ ಸೆನ್ಸರ್ ಮ್ಯಾಲ ಬಿದ್ದ ಕೆಂಪು, ಹಸರು, ನೀಲಿ ಬೆಳಕಿನ ಲೆಕ್ಕ ಹೆಂಗೈತೋ ಹಂಗ ಉಳದಿರ್ತೈತಿ, ವೈಟ್ ಬ್ಯಾಲೆನ್ಸ್ ಅನ್ನೋದು ಬಿಳಿ ಬಿಳಿಯಾಗೇ ಕಾಣಂಗ ಕೆಂಪು ನೀಲಿನ ಎಷ್ಟ್ ಪಟ್ಟು ಹೆಚ್ಚಿಸ್ಬೇಕು ಅಂತ ಜೋಡಿಗೆ ಇಟ್ಟ ಚೀಟಿ ಅಷ್ಟ, ಕಂಪ್ಯೂಟರ್‌ನ್ಯಾಗ ನೂರು ಸಲ ಬದಲ್ ಮಾಡಿದ್ರೂ ಫೋಟೋ ಕೆಡಂಗಿಲ್ಲ. ಜೆಪೆಗ್‌ನ್ಯಾಗ ಆ ಗುಣಾಕಾರ ಕ್ಯಾಮೆರಾದಾಗನ ಮುಗದು 8 ಬಿಟ್‌ಗೆ ಇಳದು ಬಣ್ಣದ ವಿವರ ಕಡಿಮಿ ಆಗಿರ್ತೈತಿ, ಆಮ್ಯಾಲ ಭಾಳ ಜಗ್ಗಾಡಾಕ ಬರಂಗಿಲ್ಲ.

ಬಣ್ಣ ಕುಣದಿದ್ದಕ್ಕ ಕಾರಣ ಆಟೋ. ಅರಿಷಿಣ ಹಚ್ಚಿದ ಮುಖ ಫ್ರೇಮ್ ತುಂಬ ತಗೊಂಡ್ರ ಕ್ಯಾಮೆರಾಕ್ಕೇನ್ ಗೊತ್ರಿ ಅದು ಅರಿಷಿಣ ಅಂತ, ಬಲ್ಬಿನ ಬೆಳಕು ಇರ್ಬೇಕು ಅಂತ ತಿಳದು ನೀಲಿ ಸುರದ್ ಬಿಡ್ತೈತಿ, ನೀವು ನಾಕ್ ಹೆಜ್ಜಿ ಹಿಂದ ಸರದು ಮಂದೀನೆಲ್ಲಾ ತಗೊಂಡ್ರ ಮತ್ತ ಸುಮ್ನಾಗ್ತೈತಿ. ನಿಮ್ಮೂರ ಮಾರ್ಕೆಟ್‌ನ್ಯಾಗ ಬರೇ ಮೆಣಸಿನಕಾಯಿ ರಾಶಿ ತುಂಬಿಸಿ ಆಟೋದಾಗ ತಗದು ನೋಡ್ರಿ, ಆ ಕಡುಗೆಂಪು ಸಪ್ಪಗಾಗಿ ಬರೋದು ಇದಕ್ಕ.

ಮುಂದಿನ ಸಲ ಹಗಲಿದ್ರ ಡೇಲೈಟ್ ಇಲ್ಲಾ 5500 ಕೆಲ್ವಿನ್‌ಗೆ (ಕೆಲ್ವಿನ್ ಅಂದ್ರ ಬೆಳಕಿನ ಬಣ್ಣದ ಅಳತಿ) ಇಟ್ಟು ಮುಟ್ಟಾಕ ಹೋಗಬ್ಯಾಡ್ರಿ. ತಪ್ಪಾದ್ರೂ ಎಲ್ಲಾ ಫೋಟೋ ಒಂದ ನಮೂನಿ ತಪ್ಪಾಗಿರ್ತಾವು. ಶುರುವಿನಾಗ ಮದುಮಗಳ ಕೈಯಾಗ ಗ್ರೇ ಕಾರ್ಡ್, ಅಂದ್ರ ಬಣ್ಣ ಸರಿ ಮಾಡಾಕ ಇರೋ ಬೂದು ಬಣ್ಣದ ಕಾರ್ಡ್, ಕೊಟ್ಟು ಒಂದ್ ಫೋಟೋ ತಗೀರಿ. ನಾನೊಮ್ಮೆ ಧಾರವಾಡದಾಗ ಕಾರ್ಡ್ ಮರ್ತು ಹೋಗಿದ್ದೆ, ಬೀಗರ ಬಿಳಿ ಧೋತರ ಐತೆಲ್ಲಾ ಅಂತ ಅದರ ಮ್ಯಾಲ ಡ್ರಾಪರ್ (ಬಣ್ಣ ಇಲ್ಲದ ಬಿಳಿ, ಬೂದು ಜಾಗ ಇದು ಅಂತ ಸಾಫ್ಟ್‌ವೇರ್‌ಗೆ ತೋರ್ಸೋ ಗುಂಡಿ) ಒತ್ತಿದೆ, ಧೋತರಕ್ಕ ನೀಲಿ ಹಾಕಿ ತೊಳದಿದ್ರು, ಆ ನೀಲೀನ ಬಿಳಿ ಅಂತ ತಿಳದ ಸಾಫ್ಟ್‌ವೇರ್ ಇಡೀ ಮದ್ವೀನ ಹಳದಿ ಮಾಡಿತು!

ಇನ್ನ ಉಳದ ಕಾಲು ಪಾಲು. ಕ್ಯಾಮೆರಾ ಸ್ಕ್ರೀನ್ ಮ್ಯಾಗಿನ ಹಿಸ್ಟೋಗ್ರಾಮ್, ಅಂದ್ರ ಕತ್ತಲಾ ಬೆಳಕು ಎಷ್ಟೆಷ್ಟೈತಿ ಅಂತ ತೋರ್ಸೋ ನಕ್ಷಾ, ರಾ ಇಂದಲ್ಲ, ವೈಟ್ ಬ್ಯಾಲೆನ್ಸ್ ಹಾಕಿದ ಜೆಪೆಗ್‌ಂದು. ರಾತ್ರಿ ಹಳೇ ಹಳದಿ ಬಲ್ಬಿನಾಗ, ಅಂದ್ರ 2800 ಕೆಲ್ವಿನ್ ಆಸುಪಾಸಿನಾಗ, ಡೇಲೈಟ್ ಇಟ್ರ ಕೆಂಪು ತುಂಬಿ ಹರದಂಗ ಕಾಣ್ತೈತಿ, ನೀವು ಹೆದ್ರಿ ಎಕ್ಸ್‌ಪೋಜರ್ ಇಳಸ್ತೀರಿ, ಮದ್ಲ ಬಡವಾಗಿದ್ದ ನೀಲಿ ಚಾನೆಲ್ ಇನ್ನೂ ಸೊರಗಿ ಕತ್ತಲದಾಗ ಕಾಳ್ ಕಾಳ್ ನಾಯ್ಸ್ ಬರ್ತೈತಿ. ಅದಕ್ಕ ರಾ ಇದ್ರೂ ಬೆಳಕಿಗೆ ಹತ್ತರದ ನಂಬರ್ ಇಡ್ರಿ. ಮತ್ತ ನೀಲಿ ತಾಡಪತ್ರಿ ಹಂದರದಾಗ ವಿಡಿಯೋದವ್ರು ಹಳದಿ ಲೈಟ್ ಹಚ್ಚಿದ್ರ ಮುಖದ ಒಂದ್ ಕಡೆ ನೀಲಿ ಒಂದ್ ಕಡೆ ಹಳದಿ, ಎರಡಕ್ಕೂ ಒಂದ ವೈಟ್ ಬ್ಯಾಲೆನ್ಸ್ ಕೂಡಂಗಿಲ್ಲ. ಅವ್ರ ಕೈಕಾಲು ಹಿಡದು ಲೈಟ್ ಆರಿಸ್ರಿ, ಇಲ್ಲಾ ಮದುಮಗಳನ್ನ ಹಂದರದಿಂದ ಹೊರಗ ಕರ್ಕೊಂಡ್ ಬರ್ರಿ.

ಈಗ ತಗದಿದ್ದಕ್ಕ: ಬೂದು ಬಣ್ಣದ ಅಂಗಿ, ಸಿಮೆಂಟ್ ಕಟ್ಟಿ ಏನರ ಇರೋ ಒಂದ್ ಫೋಟೋನ ಆ ಬೂದು ಜಾಗದ ಮ್ಯಾಲ ಡ್ರಾಪರ್ ಒತ್ತಿ ಸರಿ ಮಾಡ್ರಿ, ಆ ಸೆಟ್ಟಿಂಗ್ ಕಾಪಿ ಮಾಡಿ ಹಂದರದ ಉಳದ ಫೋಟೋಕ್ಕೆಲ್ಲಾ ಹಾಕ್ರಿ. ಆರತಿ ಫೋಟೋ ಇದ್ರ ಅವನ್ನ ಬ್ಯಾರೇ ಇಡ್ರಿ, ದೀಪದ ಹಳದಿ ಪೂರಾ ತಗದ್ರ ಆರತಿ ಟ್ಯೂಬ್‌ಲೈಟ್ ಬುಡಕ ಮಾಡಿದಂಗ ಕಾಣ್ತೈತಿ.