‘ತುಂಬಿದ’ ಎಂದು ಬರೆದದ್ದು ನಮ್ಮ ತಪ್ಪು

ಪತ್ರ: ಕಳೆದ ಸಂಚಿಕೆಯಲ್ಲಿ ‘ಗ್ಯಾಡೋಲಿನಿಯಮ್ ತುಂಬಿದ ಕೊಬ್ಬಿನ ಗುಳ್ಳೆಗಳು’ ಎಂದು ಓದಿದೆ. ಹೋದ ತಿಂಗಳು ಹುಬ್ಬಳ್ಳಿಯಲ್ಲಿ ತಾಯಿಗೆ ಎಂಆರ್‌ಐ ಮಾಡುವಾಗ ಅದೇ ಹೆಸರಿನ ಮದ್ದು ಚುಚ್ಚಿದ್ದರು. ಗುಳ್ಳೆ ಒಡೆದು ಲೋಹ ಮೈಯಲ್ಲೇ ಉಳಿದರೆ ಗತಿಯೇನು?
– ಓದುಗರೊಬ್ಬರು, ಅಂಕೋಲಾ

ಸಂಪಾದಕರ ಉತ್ತರ: ಮೊದಲು ತಾಯಿಯವರ ವಿಷಯ. ಅವರಿಗೆ ಚುಚ್ಚಿದ್ದರಲ್ಲಿ ಗುಳ್ಳೆಯೂ ಇಲ್ಲ, ಕೊಬ್ಬೂ ಇಲ್ಲ. ನಾವು ಬರೆದ ಕೊಬ್ಬಿನ ಗುಳ್ಳೆಯ (ಲಿಪೊಸೋಮ್) ಬಗೆಯದು ಇನ್ನೂ ಪ್ರಯೋಗದ ಹಂತದಲ್ಲಿದೆ. ಆಸ್ಪತ್ರೆಗಳಲ್ಲಿ ಕೊಡುವುದು 1988ರಿಂದ ಬಳಕೆಯಲ್ಲಿರುವ ಬಗೆಯ, ನೀರಿನಲ್ಲಿ ಕರಗುವ ಸಣ್ಣ ಅಣು. ಮೂತ್ರಪಿಂಡ ಚೆನ್ನಾಗಿದ್ದರೆ ಒಂದು ದಿನದೊಳಗೆ ಅದರ ಬಹುಪಾಲು ಹೊರಟುಹೋಗುತ್ತದೆ. ಮೂತ್ರಪಿಂಡದ ಕೆಲಸ ತಿಳಿಸುವ ರಕ್ತಪರೀಕ್ಷೆಯಾದ ಕ್ರಿಯಾಟಿನಿನ್ ವರದಿ ಕೇಳುವುದು ಇದಕ್ಕೇ. ಮೂತ್ರಪಿಂಡ ಸೋತವರಲ್ಲಿ ಚರ್ಮ ಗಡುಸಾಗುವ ಕಾಯಿಲೆಗೂ ಈ ಮದ್ದಿಗೂ ನಂಟಿದೆಯೆಂದು 2006ರಲ್ಲಿ ತಿಳಿದ ಮೇಲೆ ಈ ಎಚ್ಚರ ಬಿಗಿಯಾಯಿತು.

ಬರಿಯ ಗ್ಯಾಡೋಲಿನಿಯಮ್ ವಿಷವೇ. ಅದರ ಅಯಾನು ಹೆಚ್ಚುಕಡಿಮೆ ಕ್ಯಾಲ್ಸಿಯಂನಷ್ಟೇ ದಪ್ಪ, ಹಾಗಾಗಿ ಕ್ಯಾಲ್ಸಿಯಂ ಕೂರಬೇಕಾದ ಜಾಗಕ್ಕೆ ನುಗ್ಗುತ್ತದೆ. ಅದನ್ನು ಹಿಡಿದಿಡುವ ಅಣುವಿಗೆ ಕೀಲೇಟ್ ಎಂದು ಹೆಸರು. ಗ್ರೀಕಿನಲ್ಲಿ ಆ ಪದದ ಬೇರು ಏಡಿಯ ಇಕ್ಕುಳಗಾಲು. ನಿಮ್ಮೂರಿನ ಮೀನುಪೇಟೆಯಲ್ಲಿ ಜೀವಂತ ಏಡಿ ಆರಿಸಿದವರಿಗೆ ಆ ಹಿಡಿತವನ್ನು ವಿವರಿಸಬೇಕಿಲ್ಲ. ಕಾಲು ಮುರಿದು ಬಂದೀತು, ಬೆರಳು ಬಿಡದು.

ಈಗ ನಮ್ಮ ತಪ್ಪು. ಗುಳ್ಳೆಯ ಪೊರೆ ಕಟ್ಟುವ ಲಿಪಿಡ್ ಎಂಬ ಕೊಬ್ಬಿನ ಅಣುವಿಗೆ ನೀರನ್ನು ಒಲ್ಲದ ಬಾಲವುಂಟು, ನೀರಿಗೆ ಹಾತೊರೆಯುವ ತಲೆಯುಂಟು. ಗ್ಯಾಡೋಲಿನಿಯಮ್ ಲಿಪಿಡ್‌ನಲ್ಲಿ ಲೋಹ ಹಿಡಿದ ಕೀಲೇಟೇ ಆ ತಲೆ. ಬಾಲ ಪೊರೆಯೊಳಗೆ ಹುದುಗುತ್ತದೆ, ತಲೆ ನೀರಿಗೆ ಮುಖಮಾಡಿ ನಿಲ್ಲುತ್ತದೆ. ಅಂದರೆ ಲೋಹವನ್ನು ಗುಳ್ಳೆಯ ಹೊಟ್ಟೆಗೆ ತುಂಬಿದ್ದಲ್ಲ, ಪೊರೆಗೇ ಹೆಣೆದದ್ದು. ಇದು ಪದದ ಜಗಳವಲ್ಲ. ಚಿತ್ರದಲ್ಲಿ ಬೆಳಗುವುದು ಲೋಹವಲ್ಲ, ಅದನ್ನು ಸೋಕಿ ಹೋಗುವ ನೀರು. ಲೋಹದ 7 ಒಂಟಿ ಎಲೆಕ್ಟ್ರಾನುಗಳ ಸಹವಾಸದಲ್ಲಿ ಎಂಆರ್‌ಐ ಯಂತ್ರ ಕದಲಿಸಿದ ನೀರಿನ ಹೈಡ್ರೋಜನ್ ಬೇಗ ತನ್ನ ಮೊದಲ ಸ್ಥಿತಿಗೆ ಮರಳುತ್ತದೆ, ಹಾಗಾಗಿ ಆ ಜಾಗ ಚಿತ್ರದಲ್ಲಿ ಬೆಳಗುತ್ತದೆ. ಹೊಟ್ಟೆಯಲ್ಲಿ ಕೂಡಿಹಾಕಿದರೆ ನೀರು ಪೊರೆ ದಾಟಿ ಬರಬೇಕು. ಹೊರಮೈಯಲ್ಲಿದ್ದರೆ ಆ ತಡೆಯಿಲ್ಲ. ಸುಮಾರು 100 ನ್ಯಾನೊಮೀಟರ್‌ನ ಗುಳ್ಳೆಗೆ ಅಂಟಿದ ಲೋಹ ಒಂಟಿ ಅಣುವಿನಂತೆ ಗಿರಗಿರನೆ ತಿರುಗಲಾರದು. ಆ ನಿಧಾನವೂ ಹೊಳಪು ಹೆಚ್ಚಿಸುತ್ತದೆ.

ಆದರೆ ನಿಮ್ಮ ಅಂಜಿಕೆ ಹುರುಳಿಲ್ಲದ್ದಲ್ಲ. ಅಷ್ಟು ದೊಡ್ಡ ಗುಳ್ಳೆ ಮೂತ್ರಪಿಂಡದ ಜರಡಿಯಲ್ಲಿ ಇಳಿಯದು. ರಕ್ತದಲ್ಲಿ ಗಂಟೆಗಟ್ಟಲೆ ಸುತ್ತಿ (ರಕ್ತನಾಳ ನೋಡುವವರಿಗೆ ಇದೇ ವರ) ಕೊನೆಗೆ ಯಕೃತ್ತು, ಗುಲ್ಮಗಳಲ್ಲಿ ಬೀಡುಬಿಡುತ್ತದೆ. ಗುಳ್ಳೆ ಒಡೆಯುವುದು ದೊಡ್ಡ ಮಾತಲ್ಲ, ಅಲ್ಲಿ ಕುಳಿತಷ್ಟು ದಿನ ಏಡಿ ಹಿಡಿತ ಬಿಡಬಾರದು. ಲೋಹವನ್ನು ಉಂಗುರದಂತೆ ಸುತ್ತುವ ಕೀಲೇಟ್ ಹೆಚ್ಚು ಭದ್ರ ಎನ್ನುವುದು ಅದಕ್ಕೇ. ತಾಯಿಯವರ ವರದಿಯಲ್ಲಿ ಮದ್ದಿನ ಹೆಸರಿದ್ದರೆ ಜೋಪಾನವಾಗಿ ಇಟ್ಟುಕೊಳ್ಳಿ, ಮುಂದಿನ ಎಂಆರ್‌ಐಗೆ ಅದನ್ನೂ ಒಯ್ಯಿರಿ.